ಟಾರು ಮತ್ತು ಟಿಟ್ಟಿಭದ ನಡುವೆ

ಅರಳೆಪೇಟೆಯ ಸಂದಿಯೊಳಗೆ, ಬೈಂಡಿಂಗ್ ಅಂಗಡಿಯ ಮಹಡಿಯಲ್ಲಿ,
ಮೈದಾ ಗೋಂದಿನ ಹುಳಿವಾಸನೆಯಲ್ಲಿ ಕೂತು
ವಿಶ್ವಕೋಶದ ಕರಡು ತಿದ್ದುತ್ತೇನೆ.
ಪುಟಕ್ಕೆ ಹದಿನೆಂಟು ರೂಪಾಯಿ.
ಈ ವಾರ ‘ಟ’.
ಟಾರು ಮುಗಿದು ಟಿಟ್ಟಿಭ ಹಕ್ಕಿ ಬರುವ ಮೊದಲು
ಒಂದೂವರೆ ಕಾಲಂ ಹಿಡಿದು ಕೂತಿದ್ದಾರೆ
ಟಾಲ್ಬರ್ಟ್, ಆಂಬ್ರೋಸ್.
ಅಮೆರಿಕದ ಸೆನೆಟರು.

೧೭೫೩ರಲ್ಲಿ ಜನಿಸಿದರು. ನ್ಯಾಯಶಾಸ್ತ್ರ ಓದಿದರು.
ಇಪ್ಪತ್ತಾರಕ್ಕೇ ಶಾಸನಸಭೆ ಹೊಕ್ಕರು.
ಜೌಗು ನೆಲ ಕೊಂಡು ಭತ್ತ ಹಾಕಿಸಿದರು, ಆಮೇಲೆ ಹತ್ತಿ.
ಸಂವಿಧಾನ ಬರೆಯುವ ಕೋಣೆಯಲ್ಲಿ, ಕಿಟಕಿ ಮುಚ್ಚಿದ ಸೆಕೆಯಲ್ಲಿ,
ಒಬ್ಬ ಗುಲಾಮ ಎಷ್ಟು ಮನುಷ್ಯ ಎಂಬ ಲೆಕ್ಕ ಎದ್ದಾಗ
ಐದರಲ್ಲಿ ಮೂರು ಪಾಲು ಎಂದವರ ಕಡೆಗೆ ಕೈ ಎತ್ತಿದರು.
ಎಣಿಕೆಗೆ ಮಾತ್ರ.
ಎಣಿಸಿಕೊಂಡವನಿಗೆ ಓಟಿಲ್ಲ,
ಅವನ ಪಾಲಿನ ಬಲವೂ ಇವರಿಗೇ.

ಸ್ವಾತಂತ್ರ್ಯದ ಮೇಲೆ ಎರಡು ಗಂಟೆ ಮಾತಾಡಿದರು.
ಅಷ್ಟು ಹೊತ್ತೂ ಹಿಂದೆ ನಿಂತು ಬೀಸಣಿಗೆ ಬೀಸಿದ ಹುಡುಗ
ಲೇಖನದಲ್ಲಿಲ್ಲ. ನಾನು ತಂದು ನಿಲ್ಲಿಸಿದ್ದು.
ಮೂರು ಸಲ ಗೆದ್ದರು, ಒಮ್ಮೆ ಸೋತರು,
ಸೋತ ವರ್ಷ ಮನೆಗೆ ಹೊಸ ಕಂಬ ಹಾಕಿಸಿದರು.
ಸ್ವಭಾವತಃ ದಯಾಳು.
ದೈವಾಧೀನರಾದಾಗ ಅವರ ಬಳಿ
ನೂರ ನಲವತ್ತೊಂದು ಗುಲಾಮರು, ಮೂವತ್ತು ಹೇಸರಗತ್ತೆ
ಇದ್ದವು.

ಕೆಂಪು ಪೆನ್ನು ಇಲ್ಲಿಗೆ ಬಂದು ನಿಂತಿತು.

ಇದ್ದವು.
ಮನುಷ್ಯರೂ ಕತ್ತೆಯೂ ಒಂದೇ ವಾಕ್ಯದಲ್ಲಿ ನಿಂತರೆ
ಕ್ರಿಯಾಪದ ಹತ್ತಿರ ಇದ್ದದ್ದಕ್ಕೆ ವಾಲುತ್ತದೆ,
ಮೇಷ್ಟ್ರು ಹೇಳಿಕೊಟ್ಟದ್ದು ಹಾಗೆ.
ಹತ್ತಿರ ಕತ್ತೆ ಇತ್ತು.

ನಮ್ಮ ತಾತ ಪಿಳ್ಳಪ್ಪ ಆನೇಕಲ್ಲಿನ ಕಡೆ
ಪಟೇಲರ ಮನೆಯಲ್ಲಿ ಜೀತಕ್ಕಿದ್ದ,
ನಲವತ್ತು ರೂಪಾಯಿ ಸಾಲಕ್ಕೆ ಹನ್ನೊಂದು ವರ್ಷ.
ಸಂಜೆ ದೀಪ ಹಚ್ಚಿದ ಮೇಲೆ ಪಟೇಲರ ತಾಯಿ
ಒಳಗಿಂದಲೇ ಕೇಳೋರಂತೆ:
‘ಅದು ಉಂಡ್ತೇನ್ರೇ?’
ಅದು ಅಂದರೆ ತಾತ.
‘ಒಳ್ಳೇರು ಕಣವ್ವ, ದಿನಾ ಕೇಳೋರು.
ಸೇರು ಅಂತ ಹೇಳಿ ಅಚ್ಚೇರು ಅಳೀತಿದ್ರೂ
ರಾಗೀಲಿ ಕಲ್ಲು ಇರ್ತಿರಲಿಲ್ಲ.’
ದಯಾಳು ಎಂಬ ಪದಕ್ಕೆ
ನಾನು ಕಲಿತ ಮೊದಲ ಅರ್ಥ ಅದು.

ಸಂಪಾದಕ ನಂಜುಂಡಶರ್ಮರಿಗೆ ಫೋನು ಮಾಡಿದೆ.
‘ವಾಕ್ಯ ಸರಿಯಾಗೇ ಇದೆಯಲ್ಲಮ್ಮ’ ಅಂದರು, ಕೆಮ್ಮುತ್ತ,
‘ಬೇರೇನು ಮಾಡಿದರೂ ಸತ್ತವರಿಗೆ ಏಕವಚನ ಬೇಡ.’
ಯಾವ ಸತ್ತವರು ಸಾರ್ ಅಂತ ಕೇಳಲಿಲ್ಲ.
ಹದಿನೆಂಟು ರೂಪಾಯಿ.
ಕೆಳಗೆ ಪುಸ್ತಕದ ಅಂಚು ಕತ್ತರಿಸುವ ಯಂತ್ರ
ದಡಕ್ ಅಂತ ಇಳಿಯಿತು, ಎದ್ದಿತು, ಇಳಿಯಿತು.
ಹೆಸರಿಗೆ ಅರಳೆಪೇಟೆ. ಎದುರಿನ ಹಾಸಿಗೆ ಅಂಗಡಿಯವನೊಬ್ಬ
ಇವತ್ತೂ ಹತ್ತಿ ತುಂಬಿಸುತ್ತಾನೆ,
ಎಳೆಗಳು ಹಾರಿ ಬಂದು ಕರಡಿನ ಮೇಲೆ ಕೂರುತ್ತವೆ,
ಊದಿದರೆ ಹೋಗುತ್ತವೆ, ಪೂರ್ತಿ ಹೋಗುವುದಿಲ್ಲ.

ನಡುವೆ ಒಂದು ಚುಕ್ಕಿ ಇಟ್ಟೆ.
ನೂರ ನಲವತ್ತೊಂದು ಗುಲಾಮರು ಇದ್ದರು.
ಹೇಸರಗತ್ತೆಗಳು ಮೂವತ್ತು ಇದ್ದವು.
ಅಷ್ಟಕ್ಕೇ ಕಾಲಂ ಒಂದು ಸಾಲು ಉಕ್ಕಿ
ಟಿಟ್ಟಿಭದ ತಲೆಯ ಮೇಲೆ ಬಂತು.
ಒಳಗೆ ಒಂದು ಸಾಲು ಬಂದರೆ
ಒಂದು ಸಾಲು ಹೊರಗೆ ಹೋಗಬೇಕು, ಪ್ರೆಸ್ಸಿನ ನ್ಯಾಯ.
ಎರಡು ಸಲ ಓದಿದೆ. ಹುಟ್ಟು ಬೇಕು, ಸಾವು ಬೇಕು,
ಗೆದ್ದದ್ದು ಸೋತದ್ದು ಬೇಕು, ಕಂಬವೂ ಇರಲಿ.
‘ಸ್ವಭಾವತಃ ದಯಾಳು’ ಮೇಲೆ ಗೀಟು ಎಳೆದೆ.
ಸಾಲು ಸರಿಯಾಗಿ ಕೂತಿತು.

ಟಿಟ್ಟಿಭ: ಬಯಲಿನ ಹಕ್ಕಿ. ಗೂಡು ಕಟ್ಟುವುದಿಲ್ಲ,
ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ.
ಯಾರೇ ಹತ್ತಿರ ಬಂದರೂ
ನಡುರಾತ್ರಿಯಾದರೂ ಕೂಗುತ್ತದೆ.
ತಿದ್ದುಪಡಿ ಇಲ್ಲ.